ಗಿರಕಿ ನಿಲ್ಲದ ವಿಮಾನ

ಮಾರ್ಚ್ ಹದಿನೇಳು, ಸೋಮವಾರ, ಬೆಳಗ್ಗೆ ಎಂಟೂವರೆ. ಗೋಧಿ ಹೊಲಗಳ ನಡುವಿನ ಪುಟ್ಟ ಊರು ಟೂಲಿಗಾದ ಪೊಲೀಸ್ ಠಾಣೆಯ ಬೀಗ ತೆಗೆಯಲು ಸಾರ್ಜೆಂಟ್ ಮೋರಾಗ್ ಟ್ರೆಲೋರ್ ಬಂದಾಗ ಮೆಟ್ಟಿಲ ಮೇಲೆ ಕರಿನ್ ಲೀನರ್ಟ್ ಕೂತಿದ್ದಳು. ಮಡಿಲಲ್ಲಿ ಉಪಕರಣಗಳ ಪೆಟ್ಟಿಗೆ. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ.

"ದೂರು ಕೊಡಬೇಕು," ಎಂದಳು.

"ಒಳಗೆ ಬಾ. ಯಾರ ಮೇಲೆ?"

"ನನ್ನ ಮೇಲೆ. ಅಪ್ಪನ್ನ ಕೊಂದಿದ್ದು ನಾನು."

ಹಿಂದೆಯೇ ಬಂದ ಕಾನ್‌ಸ್ಟೇಬಲ್ ಹ್ಯೂ ನೋಸ್ಕೆ ಬಾಗಿಲಲ್ಲೇ ನಿಂತುಬಿಟ್ಟ. ಮೋರಾಗ್ ಕೈಯಲ್ಲಿದ್ದ ಹಾಲಿನ ಡಬ್ಬವನ್ನು ಕೆಳಗಿಟ್ಟು ಕುರ್ಚಿ ಎಳೆದುಕೊಟ್ಟಳು.

ಕರಿನ್‌ಳ ಅಪ್ಪ ಎರ್ನ್ ಲೀನರ್ಟ್ ತೀರಿಕೊಂಡು ಎರಡು ದಿನವಾಗಿತ್ತು. ಗೋಧಿ ಬೆಳೆಯುವ ಕೆಲಸವನ್ನು ಅಳಿಯನಿಗೆ ಒಪ್ಪಿಸಿ, ಒಂಬತ್ತು ವರ್ಷ ತನ್ನ ಕೈಯಾರೆ ಕಟ್ಟಿದ ಹಳದಿ ಬಣ್ಣದ ಜೋಡಿರೆಕ್ಕೆಯ ಪುಟ್ಟ ವಿಮಾನದಲ್ಲೇ ಅವನು ಹೋಗಿದ್ದ. ಒಬ್ಬರು ಮಾತ್ರ ಕೂರುವ, ಆಕಾಶದಲ್ಲಿ ಲಾಗ ಹಾಕಲೆಂದೇ ಮಾಡಿದ ವಿಮಾನ ಅದು. ಶನಿವಾರ ಎಂದಿನಂತೆ ನೆಟ್ಟಗೆ ಮೇಲಕ್ಕೆ ಹೋಯಿತು, ಎಂದಿನಂತೆ ಗಿರಕಿ ಹೊಡೆಯುತ್ತ ಕೆಳಗಿಳಿಯಿತು. ಆದರೆ ಗಿರಕಿ ನಿಲ್ಲಲಿಲ್ಲ. ಪ್ಯಾರಾಚೂಟ್ ಬಿಚ್ಚುವಷ್ಟು ಎತ್ತರವೂ ಉಳಿದಿರಲಿಲ್ಲ. ಗೋಧಿ ಕೊಯ್ದ ಹೊಲದಲ್ಲಿ ಮೂತಿ ಹೂತು, ಬಾಲ ಮೇಲೆ ಮಾಡಿ ನಿಂತಿದ್ದ ಆ ವಿಮಾನವನ್ನು ಮೋರಾಗ್ ಕಣ್ಣಾರೆ ನೋಡಿದ್ದಳು.

"ಮೊದಲಿಂದ ಹೇಳು," ಎಂದಳು. "ಹ್ಯೂ, ಬರ್ಕೋ."

"ಶುಕ್ರವಾರ ಬಾಲದ ಒಳಗೆ ಒಂದು ಬ್ರಾಕೆಟ್ ಸಡಿಲ ಆಗಿತ್ತು. ಬಿಗಿ ಮಾಡಿದ್ದು ನಾನು. ನಿನ್ನೆ ಪೆಟ್ಟಿಗೆ ತೆಗೆದು ನೋಡ್ತೀನಿ, ಹತ್ತು ಎಂಎಂ ಸಾಕೆಟ್ ಇಲ್ಲ."

ಪೆಟ್ಟಿಗೆ ತೆರೆದಳು. ನಟ್ಟು ಬಿಗಿಯುವ ಸಾಕೆಟ್ಟುಗಳು ಸಾಲಾಗಿ ಕೂತಿದ್ದವು. ಹೆಬ್ಬೆರಳಿನ ತುದಿಯಷ್ಟು ಒಂದು ಗುಂಡಿ ಖಾಲಿಯಿತ್ತು.

"ಒಳಗೆ ಬಿಟ್ಟಿದ್ದು ನೆನಪಿದೆಯಾ, ಅನುಮಾನವಾ?"

"ಬೇರೆಲ್ಲಿ ಹೋಗುತ್ತೆ ಮೋರಾಗ್? ತಲೆಕೆಳಗಾದಾಗ ಒಳಗೆ ಬಿಟ್ಟಿದ್ದೆಲ್ಲ ಬಾಲಕ್ಕೆ ಜಾರುತ್ತೆ. ಅಲ್ಲಿ ಸನ್ನೆ ತುಂಡು ಇದೆ, ಬಾಲದ ರೆಕ್ಕೆನ ಏರಿಸಿ ಇಳಿಸೋ ಕೀಲು. ಅದಕ್ಕೆ ಸಿಕ್ಕಿಕೊಂಡ್ರೆ ವಿಮಾನ ನಡೆಸೋ ಕೋಲು ಮುಂದಕ್ಕೆ ಹೋಗಲ್ಲ. ಕೋಲು ಮುಂದೆ ಹೋಗ್ದೆ ಗಿರಕಿ ನಿಲ್ಲಲ್ಲ. ಅಪ್ಪ ಎರಡೂ ಕೈಲಿ ತಳ್ಳಿರ್ತಾರೆ..."

"ಹಾರೋಕೆ ಮುಂಚೆ ಬಾಲ ಅಲ್ಲಾಡಿಸಲ್ವಾ ನೀವು?" ನೋಸ್ಕೆ ಕೇಳಿದ.

ಟೂಲಿಗಾದ ವಿಮಾನ ಮೈದಾನದಲ್ಲಿ ಅದೊಂದು ಕಟ್ಟಳೆ. ಲಾಗ ಹಾಕಲು ಹೊರಟ ವಿಮಾನದ ಬಾಲವನ್ನು ಎತ್ತಿ ಜೋರಾಗಿ ಕುಲುಕುತ್ತಾರೆ. ಒಬ್ಬರು ಪಕ್ಕದಲ್ಲಿ ಬಗ್ಗಿ ಕೇಳಿಸಿಕೊಳ್ಳುತ್ತಾರೆ. ಸುತ್ತಲಿದ್ದವರು ಮಾತು ನಿಲ್ಲಿಸುತ್ತಾರೆ. ಬಟ್ಟೆ ಹೊದಿಸಿದ ಒಡಲು ಅದು, ಒಂದು ನಟ್ಟು ಉರುಳಿದರೂ ಸದ್ದು ಬರುತ್ತದೆ. "ಸದ್ದಿಲ್ಲ, ಹೋಗು" ಎಂದ ಮೇಲೆಯೇ ಎಂಜಿನ್ ಚಾಲೂ ಆಗುವುದು. ಆ ಮಾತು ಹೇಳುವ ಹಕ್ಕು ಇಪ್ಪತ್ತು ವರ್ಷದಿಂದ ಎರ್ನ್‌ನ ಹಳೆಯ ಗೆಳೆಯ ಮರ್ವ್ ಟಿಲ್‌ಬ್ರುಕ್‌ನದು. ಓಡುವ ಎಂಜಿನ್ನಿನ ಪಕ್ಕ ನಿಂತು ಯಾವ ಸಿಲಿಂಡರ್ ಕೆಟ್ಟಿದೆ ಎಂದು ಹೇಳುತ್ತಿದ್ದ ಅವನಿಗೆ ಮೈದಾನದಲ್ಲಿ ಎಲ್ಲರೂ ಇಟ್ಟ ಹೆಸರು 'ಕಿವಿ'.

"ನಿನ್ನೆ ಮರ್ವ್ ಮಾಮನ ಮನೆಗೆ ಹೋಗಿದ್ದೆ. ಬಾಲ ಕುಲುಕಿ ಕೇಳಿದ್ರಂತೆ. ಏನೂ ಇರ್ಲಿಲ್ಲ ಅಂತಾರೆ," ಎಂದಳು ಕರಿನ್. "ಸಣ್ಣದಲ್ವಾ, ಸಂದಿಲಿ ಎಲ್ಲೋ ಸಿಕ್ಕಿಕೊಂಡಿದ್ದು ಮೇಲೆ ಹೋದ್ಮೇಲೆ ಬಿಡಿಸ್ಕೊಂಡಿರ್ಬೇಕು. ನನ್ನ ಒಳಗೆ ಹಾಕಿ ಮೋರಾಗ್. ಮಗಳು ತಾತ ಎಲ್ಲಿ ಅಂತ ಕೇಳ್ತಾಳೆ. ನನಗೆ ಅವಳ ಮುಖ ನೋಡೋಕಾಗ್ತಿಲ್ಲ."

"ಅನುಮಾನದ ಮೇಲೆ ನಾನು ಯಾರನ್ನೂ ಒಳಗೆ ಹಾಕಲ್ಲ. ಮನೆಗೆ ಹೋಗಿ ಏನಾದ್ರೂ ತಿನ್ನು. ಪೆಟ್ಟಿಗೆ ಇಲ್ಲಿರಲಿ."

ಹೇಳಿಕೆಗೆ ಸಹಿ ಹಾಕಿಸಿಕೊಂಡು ನೋಸ್ಕೆ ಅವಳನ್ನು ಮನೆಗೆ ಬಿಟ್ಟು ಬಂದ.

ಕೇಂದ್ರದ ವಿಮಾನ ಸುರಕ್ಷತಾ ಕಚೇರಿಗೆ ಮೋರಾಗ್ ಫೋನ್ ಮಾಡಿದಳು. ಮನೆಯಲ್ಲಿ ಕಟ್ಟಿದ ವಿಮಾನವಾದರೆ ತಾವು ಬರುವುದಿಲ್ಲ, ಪೊಲೀಸರೇ ತನಿಖೆ ಮಾಡಿ ಮರಣ ವಿಚಾರಣಾಧಿಕಾರಿಗೆ ವರದಿ ಕೊಡಬೇಕು ಎಂದರು. ಅಡಿಲೇಡ್‌ನಲ್ಲಿದ್ದ ಒಬ್ಬ ಎಂಜಿನಿಯರ್ ಹೆಸರು ಕೊಟ್ಟರು: ಲೂ ಹಾಲಂ.

ಮಂಗಳವಾರ ಹತ್ತು ಗಂಟೆಗೆ ಲೂ ಬಂದಳು. ದಪ್ಪ ಕನ್ನಡಕದ, ದೊಡ್ಡ ದನಿಯ ಹೆಂಗಸು. ಅವಶೇಷವನ್ನು ಪುರಸಭೆಯ ಶೆಡ್ಡಿನಲ್ಲಿಟ್ಟು ಮೊಹರು ಹಾಕಿದ್ದರು.

"ಎಷ್ಟು ವರ್ಷ ಕಟ್ಟಿದಾನೆ?"

"ಒಂಬತ್ತು," ಎಂದ ನೋಸ್ಕೆ.

"ನಮ್ಮ ಮನೇಲಿ ನಾನು ಒಂದನ್ನ ಕಟ್ತಾ ಹನ್ನೆರಡಾಯ್ತು. ನನ್ನ ಗಂಡ ಊಟದ ಮೇಜು ನೋಡಿ ಯಾವ ಕಾಲ ಆಯ್ತೋ. ಅದರ ಮೇಲೆ ಬರೀ ರೆಕ್ಕೆ." ಹಾಗೆನ್ನುತ್ತ ಒಳಗೆ ಬಗ್ಗಿದವಳು ಮುಂದೆ ತಮಾಷೆ ಮಾಡಲಿಲ್ಲ. ಮುಂಭಾಗದಲ್ಲಿ ಉಳಿದಿದ್ದು ಏನೆಂದು ಅವಳು ನೋಡಿದ್ದಳು.

ಮಹಜರು ಎರಡು ಗಂಟೆ ನಡೆಯಿತು. ಬಾಲದ ಭಾಗ ಹೆಚ್ಚು ಕಮ್ಮಿ ಇಡಿಯಾಗಿತ್ತು. ಲೂ ಕೈಬೆರಳಿನಲ್ಲಿ ತೋರಿಸಿದಳು.

"ಇದೇ ಸನ್ನೆ ತುಂಡು. ಇಲ್ನೋಡಿ ತಗ್ಗು. ಹೊಸದು. ಏನೋ ಗಟ್ಟಿ ವಸ್ತು ಇಲ್ಲಿ ಅಡ್ಡ ಸಿಕ್ಕಿ, ಮನುಷ್ಯ ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಳ್ಳಿದಾನೆ. ತಗ್ಗಿನಲ್ಲಿ ನೀಲಿ ಬಣ್ಣ ಉಜ್ಜಿಕೊಂಡಿದೆ."

"ಸಾಕೆಟ್ ಇರಬಹುದಾ?" ಮೋರಾಗ್ ಕೇಳಿದಳು.

"ಸಾಕೆಟ್ ಬೆಳ್ಳಗೆ ಹೊಳೆಯುತ್ತೆ. ನೀಲಿ ಎಲ್ಲಿಂದ ಬರುತ್ತೆ? ಮತ್ತೆ ಅಷ್ಟು ಚಿಕ್ಕದು ಈ ಸಂದಿಲಿ ನಿಲ್ಲಲ್ಲ, ಕೆಳಗೆ ಬೀಳುತ್ತೆ. ಇದು ಉದ್ದಕ್ಕಿರೋ ವಸ್ತು. ಗೇಣುದ್ದ."

"ಹಾಗಾದ್ರೆ ಆ ವಸ್ತು ಎಲ್ಲಿ?"

ಲೂ ಬಾಲದ ಇನ್ನೊಂದು ಪಕ್ಕಕ್ಕೆ ಕರೆದೊಯ್ದಳು. ಬಟ್ಟೆಯ ಹೊದಿಕೆ ಎಲ್ಲೆಡೆ ಚಿಂದಿಯಾಗಿ ಹರಿದಿತ್ತು. ಸನ್ನೆ ತುಂಡಿನ ನೇರಕ್ಕೆ ಮಾತ್ರ ಒಂದು ಸೀಳು ಗೆರೆ ಎಳೆದಂತೆ ನೆಟ್ಟಗಿತ್ತು.

"ಇದು ಹರಿದಿದ್ದಲ್ಲ," ಎಂದಳು. "ಚಾಕು."

ಎರ್ನ್ ಸೀಟಿನಲ್ಲಿ ಇನ್ನೂ ಬೆಲ್ಟು ಹಾಕಿಕೊಂಡೇ ಇದ್ದಾಗ ಯಾರೋ ಹಿಂದೆ ನಿಂತು ಬಾಲದ ಬಟ್ಟೆ ಕೊಯ್ದಿದ್ದರು.

ಮಧ್ಯಾಹ್ನ ನೋಸ್ಕೆ ಮತ್ತು ಪಕ್ಕದೂರಿನ ಇಬ್ಬರು ಕಾನ್‌ಸ್ಟೇಬಲ್‌ಗಳು ವಿಮಾನ ಬಿದ್ದ ಜಾಗದ ಮಣ್ಣನ್ನು ಜರಡಿ ಹಿಡಿದರು. ಸಾಕೆಟ್ ಸಿಗಲಿಲ್ಲ. ನೀಲಿ ವಸ್ತುವೂ ಸಿಗಲಿಲ್ಲ.

ಬುಧವಾರ ಮೋರಾಗ್ ಕರಿನ್ ಮನೆಗೆ ಹೋದಾಗ ಬಟ್ಟೆ ಒಗೆಯುವ ಮಷೀನು ಓಡುತ್ತಿತ್ತು. ಮೂರು ವರ್ಷದ ಮಗಳು ಅದರ ಮುಂದೆ ನಿಂತು ಕೈ ಬಡಿಯುತ್ತಿದ್ದಳು. ಮಷೀನು ಟಕ್, ಟಕ್ ಎಂದು ಹೊಡೆದುಕೊಳ್ಳುತ್ತಿತ್ತು.

"ಯಾವಾಗಿಂದ ಹಿಂಗೆ?"

"ಗೊತ್ತಿಲ್ಲ. ಶನಿವಾರದಿಂದ ಇರ್ಬೇಕು. ಕೆಟ್ಟು ಹೋಗ್ಲಿ ಬಿಡಿ."

"ಶನಿವಾರ ಏನು ಒಗೆದೆ?"

"ಕೆಲಸದ ಬಟ್ಟೆ. ಅಪ್ಪನ್ನ ಮೈದಾನಕ್ಕೆ ಬಿಟ್ಟು ಬಂದು ಮಷೀನಿಗೆ ಹಾಕಿ ನಿಂತಿದ್ದೆ, ಫೋನ್ ಬಂತು."

ಮೋರಾಗ್ ಮಷೀನು ನಿಲ್ಲಿಸಿ, ನೆಲದ ಮೇಲೆ ಟವೆಲ್ ಹಾಸಿ, ಮಂಡಿಯೂರಿ ಕೂತಳು. ಮೂರು ಮಕ್ಕಳ ಜೇಬಿನ ಕಲ್ಲು, ಗೋಲಿ, ಕ್ರೇಯಾನ್ ತೆಗೆದು ಅಭ್ಯಾಸವಿದ್ದ ಕೈ. ಕೆಳಗಿನ ಮುಚ್ಚಳ ತಿರುಗಿಸಿದಾಗ ನೀರು ಸುರಿಯಿತು. ನೀರಿನ ಜೊತೆ ಒಂದು ಕೂದಲ ಕ್ಲಿಪ್ಪು, ಗೊಂಬೆಯ ಶೂ, ಆಮೇಲೆ ಹತ್ತರ ಸಾಕೆಟ್.

ಕರಿನ್ ಅದನ್ನು ನೋಡಿದಳು. ಗೋಡೆಗೆ ಒರಗಿ ಹಾಗೇ ಜಾರಿ ಒದ್ದೆ ನೆಲದ ಮೇಲೆ ಕೂತಳು.

"ಅದೇನಾ?"

"ನೀನೇ ಹೇಳು."

"ಅದೇ." ಅಂಗೈಯಲ್ಲಿ ಹಿಡಿದು ಮತ್ತೆ ಮತ್ತೆ ತಿರುಗಿಸಿದಳು. "ಜೇಬಲ್ಲಿತ್ತಾ? ಹಾಗಾದ್ರೆ ಅಪ್ಪ ಯಾಕೆ..."

"ಅದನ್ನೇ ಹುಡುಕ್ತಿದೀನಿ. ಯಾರಿಗೂ ಹೇಳ್ಬೇಡ ಈಗಲೇ. ಮರ್ವ್‌ಗೂ ಬೇಡ."

"ಮರ್ವ್ ಮಾಮಂಗೂನಾ? ಅವರು ಎಷ್ಟು ನೊಂದಿದಾರೆ ಗೊತ್ತಾ?"

"ಯಾರಿಗೂ ಬೇಡ ಅಂದೆ."

ಸಾಕೆಟ್ಟನ್ನು ಪಂಚನಾಮೆಯೊಂದಿಗೆ ವಶಪಡಿಸಿಕೊಂಡು ಮೋರಾಗ್ ಹೊರಟಳು.

ಶನಿವಾರ ಕರಿನ್ ಹೊರಟ ಮೇಲೆ ಮೈದಾನದಲ್ಲಿ ಎರ್ನ್ ಜೊತೆ ಇದ್ದದ್ದು ಮರ್ವ್ ಒಬ್ಬನೇ. ವಿಮಾನ ಬಿದ್ದದ್ದನ್ನು ಫೋನ್ ಮಾಡಿ ತಿಳಿಸಿದವನೂ ಅವನೇ. ಪೊಲೀಸರು ತಲುಪುವ ಮುಂಚೆ ಅರ್ಧ ಗಂಟೆ ಆ ಹೊಲದಲ್ಲಿ ಬೇರೆ ಯಾರೂ ಇರಲಿಲ್ಲ.

ಮೋರಾಗ್ ಮತ್ತು ನೋಸ್ಕೆ ಹೋದಾಗ ಮರ್ವ್ ಮೈದಾನದ ದೊಡ್ಡ ಶೆಡ್ಡಿನ ಕಸ ಗುಡಿಸುತ್ತಿದ್ದ. ಎಪ್ಪತ್ತು ದಾಟಿದ ತೆಳ್ಳನೆ ಮನುಷ್ಯ. ಹೆಂಡತಿ ಸತ್ತ ಮೇಲೆ ಹೆಚ್ಚು ಹೊತ್ತು ಇಲ್ಲೇ ಇರುತ್ತಿದ್ದ.

"ಬಾಮ್ಮ ಮೋರಾಗ್. ಬಾರೋ ಹ್ಯೂ, ಇನ್ನೂ ದಪ್ಪ ಆಗಿದೀಯಲ್ಲೋ. ಕಳ್ಳರ ಹಿಂದೆ ಓಡ್ತೀಯೋ, ಅವರೇ ನಿಂತು ಕಾಯ್ತಾರೋ?"

ನೋಸ್ಕೆ ನಗಲಿಲ್ಲ. ಮರ್ವ್ ಪೊರಕೆ ಹಿಡಿದೇ ಮೋರಾಗ್‌ಳ ಎದುರಿಗೆ ಬಂದು ನಿಂತ.

"ಶನಿವಾರ ಬಾಲ ಕುಲುಕಿದ್ದು ಯಾರು?"

"ನಾನೇ. ಎರ್ನ್ ಆಗಲೇ ಹೆಲ್ಮೆಟ್ ಹಾಕ್ಕೊಂಡು ಒಳಗೆ ಕೂತಿದ್ದ."

"ಸದ್ದು?"

"ಇರ್ಲಿಲ್ಲ. ಇದ್ದಿದ್ರೆ ಬಿಡ್ತಿದ್ನಾ?"

"ವಿಮಾನ ಬಿದ್ದ ಮೇಲೆ ನೀವು ಹತ್ತಿರ ಹೋದ್ರಿ. ಬಟ್ಟೆ ಕೊಯ್ದಿದ್ದು ನೀವಾ?"

"ಎರ್ನ್‌ನ ಹೊರಗೆ ಎಳೆಯೋಣ ಅಂತ."

"ಎರ್ನ್ ಮುಂದಿದ್ದ. ಕೊಯ್ದಿರೋದು ಬಾಲದ ಹತ್ರ."

"ಗಾಬರಿ ಆಗಿತ್ತಮ್ಮ. ಏನು ಮಾಡ್ದೆ ಅಂತ ನನಗೇ ಗೊತ್ತಿಲ್ಲ."

ಅವನ ಕಣ್ಣು ಮೋರಾಗ್‌ಳ ಕಣ್ಣಿನ ಮೇಲಿರಲಿಲ್ಲ, ಬಾಯಿಯ ಮೇಲಿತ್ತು. ಅವಳ ನಡುವಿನ ಮಗನಿಗೆ ನಾಲ್ಕನೇ ವಯಸ್ಸಿನಲ್ಲಿ ಕಿವಿ ಕಟ್ಟಿಕೊಂಡು ಒಂದು ಚಳಿಗಾಲವಿಡೀ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮನೆಯವರಿಗೆ ಗೊತ್ತಾಗುವವರೆಗೂ ಆ ಮಗು ಹೀಗೇ ಅಮ್ಮನ ತುಟಿ ನೋಡಿಕೊಂಡು ದಿನ ದೂಡಿತ್ತು.

ಮೋರಾಗ್ ಬೂಟಿನ ದಾರ ಕಟ್ಟುವಂತೆ ಬಗ್ಗಿದಳು. ನೆಲದ ಕಡೆ ಮುಖ ಮಾಡಿ ಕೇಳಿದಳು: "ಮರ್ವ್, ನಿಮ್ಮ ಹತ್ರ ಇದ್ದ ನೀಲಿ ವಸ್ತು ಯಾವುದು?"

ಪೊರಕೆಯ ಬರಬರ ಸದ್ದು ಮತ್ತೆ ಶುರುವಾಯಿತು. ಉತ್ತರ ಬರಲಿಲ್ಲ. ನೋಸ್ಕೆ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದ.

ಅವಳು ಎದ್ದು ನಿಂತು ಮುಖ ಎತ್ತಿ ಕೇಳಿದಳು: "ಒಂದು ಚಹಾ ಸಿಗುತ್ತಾ?"

"ಯಾಕಿಲ್ಲ! ಕೂತ್ಕೊಳ್ಳಿ, ಕೂತ್ಕೊಳ್ಳಿ."

ವಾಪಸು ಬರುವಾಗ ಕಾರಿನಲ್ಲಿ ನೋಸ್ಕೆ ಬಾಯಿಬಿಟ್ಟ. "ಸಾರ್ಜ್, ಅವರಿಗೆ..."

"ಈಗ ಬೇಡ ಹ್ಯೂ. ನಾಳೆ ಸಾಬೀತಾಗ್ಲಿ."

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಮೈದಾನದಲ್ಲಿ ತಪಾಸಣೆಯ ಮರುಪ್ರದರ್ಶನ ಏರ್ಪಡಿಸಿದರು. ಅಲ್ಲಿನ ವಿಮಾನ ಕ್ಲಬ್ಬಿನ ಇಬ್ಬರು ಸದಸ್ಯರು ಸಾಕ್ಷಿಗೆ ಬಂದರು. ಅವರಲ್ಲೊಬ್ಬಳು ಕ್ಲಬ್ಬಿನ ಅಡುಗೆಮನೆ ನೋಡಿಕೊಳ್ಳುವ ಡೋರೀನ್. ಅವಳದೇ ವಿಮಾನವನ್ನು ಹೊರಗೆ ತಂದಿದ್ದರು. ಠಾಣೆಯ ಒಂದು ಹಳೆಯ, ಗೇಣುದ್ದದ ಟಾರ್ಚನ್ನು ಮೋರಾಗ್ ಮುಂಚೆಯೇ ಬಾಲದೊಳಗೆ ಇಡಿಸಿದ್ದಳು. ಸಾಕ್ಷಿಗಳಿಗೆ ಒಂದೇ ಸೂಚನೆ: ಏನು ಕೇಳಿಸಿದರೂ ತಲೆ ಎತ್ತಬಾರದು, ನೆಲ ನೋಡುತ್ತ ನಿಲ್ಲಬೇಕು.

"ಶನಿವಾರ ಹೇಗೆ ಮಾಡಿದ್ರೋ ಹಾಗೇ ಮಾಡಿ ಮರ್ವ್. ಬಾಲ ಹ್ಯೂ ಎತ್ತುತ್ತಾನೆ."

ಮರ್ವ್ ಟೋಪಿ ತೆಗೆದು ಪಕ್ಕಕ್ಕಿಟ್ಟ. ಬಟ್ಟೆಗೆ ಕಿವಿ ತಾಗಿಸದೆ ಒಂದು ಅಂಗುಲ ದೂರದಲ್ಲಿ ಹಿಡಿದ. ತಾಗಿಸಿದರೆ ಚರ್ಮ ಉಜ್ಜುವ ಸದ್ದು ಅಡ್ಡ ಬರುತ್ತದೆ ಎಂದು ಹೊಸಬರಿಗೆಲ್ಲ ಅವನೇ ಹೇಳಿಕೊಟ್ಟಿದ್ದ ಕ್ರಮ ಅದು. ಕಣ್ಣು ಮುಚ್ಚಿದ.

ನೋಸ್ಕೆ ಬಾಲ ಎತ್ತಿ ಕುಲುಕಿದ.

ಖಡಖಡ ಎಂದು ಟಾರ್ಚು ಆ ತುದಿಯಿಂದ ಈ ತುದಿಗೆ ಉರುಳಿತು. ಶೆಡ್ಡಿನ ತಗಡಿನ ಮೇಲೆ ಕೂತಿದ್ದ ಗಲಾ ಗಿಣಿಗಳು ಹಾರಿಹೋದವು. ನೋಸ್ಕೆ ಮತ್ತೊಮ್ಮೆ ಕುಲುಕಿದ. ಮತ್ತೆ ಖಡಖಡ.

ಮರ್ವ್ ಕಣ್ಣು ತೆರೆದ. ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದ. ವಿಮಾನದ ಬೆನ್ನು ತಟ್ಟಿ ಹೇಳಿದ:

"ಸದ್ದಿಲ್ಲ. ಹೋಗು."

ಡೋರೀನ್ ಮಾತ್ರ ಸೂಚನೆ ಮರೆತು ತಲೆ ಎತ್ತಿದಳು. ಎರಡೂ ಕೈ ಬಾಯಿಯ ಮೇಲಿದ್ದವು. ಮರ್ವ್ ಅವಳ ಮುಖ ನೋಡಿದ. ಆಮೇಲೆ ಪ್ರತಿಯೊಬ್ಬರ ಮುಖವನ್ನೂ ನೋಡುತ್ತ ಬಂದ. ಕೊನೆಗೆ ಮೋರಾಗ್‌ಳ ಮುಖಕ್ಕೆ ಬಂದಾಗ ಅವನ ಕೈ ಟೋಪಿಗಾಗಿ ತಡಕಾಡುತ್ತಿತ್ತು.

"ಏನಿತ್ತು ಒಳಗೆ?" ಎಂದು ಕೇಳಿದ.

"ಟಾರ್ಚು," ಎಂದಳು ಮೋರಾಗ್, ಬಾಯಿ ಕಾಣುವಂತೆ.

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಸಂಜೆ ನಾಲ್ಕಕ್ಕೆ ವಾರಂಟ್ ಹಿಡಿದು ಅವನ ಮನೆ ಶೋಧಿಸಿದರು. ಹಿತ್ತಿಲಲ್ಲಿ ಕೋಳಿ ಮೇವಿನ ಡ್ರಮ್ಮಿನ ತಳದಲ್ಲಿ, ಹಳೆ ಬಟ್ಟೆಯಲ್ಲಿ ಸುತ್ತಿದ ನೀಲಿ ಲೋಹದ ಟಾರ್ಚು ಸಿಕ್ಕಿತು. ನಡು ಭಾಗ ನೆಗ್ಗಿತ್ತು. ಪುರಸಭೆಯ ಶೆಡ್ಡಿನಲ್ಲಿ ಲೂ ಅದನ್ನು ಸನ್ನೆ ತುಂಡಿನ ತಗ್ಗಿಗೆ ಹಿಡಿದು ನೋಡಿದಳು. ಸರಿಯಾಗಿ ಕೂತಿತು. ಅವಳು ಟಾರ್ಚನ್ನು ಕೊಟ್ಟು ಹೊರಗೆ ಹೋಗಿ ನಿಂತಳು.

ಸಾಕ್ಷ್ಯ ಮರೆಮಾಚಿದ್ದು, ಪೊಲೀಸರಿಗೆ ಸುಳ್ಳು ಹೇಳಿಕೆ ಕೊಟ್ಟದ್ದು: ಈ ಎರಡು ಆರೋಪಗಳ ಮೇಲೆ ಮರ್ವ್ ಟಿಲ್‌ಬ್ರುಕ್‌ನನ್ನು ಬಂಧಿಸಲಾಯಿತು. ಸಾವಿನ ಹೊಣೆಯ ಪ್ರಶ್ನೆ ಸರ್ಕಾರಿ ವಕೀಲರ ಕಚೇರಿಗೆ ಹೋಗಬೇಕಿತ್ತು. ತನಗೆ ವಕೀಲ ಬೇಡ ಎಂದು ಮರ್ವ್ ಹೇಳಿದ. ಹಕ್ಕುಗಳನ್ನು ಮೋರಾಗ್ ಓದಿ ಹೇಳಲಿಲ್ಲ, ಕಾಗದವನ್ನೇ ಅವನ ಕೈಗೆ ಕೊಟ್ಟು ಓದಿಸಿದಳು.

"ಟಾರ್ಚು ಒಳಗೆ ಹೇಗೆ ಹೋಯ್ತು?"

"ಶುಕ್ರವಾರ ಕರಿನ್ ಕೆಲಸ ಮುಗಿಸಿದ್ಮೇಲೆ ಇನ್ನೊಬ್ರೂ ಒಂದ್ಸಲ ನೋಡ್ಬೇಕಲ್ಲ, ನಾನು ಬಗ್ಗಿ ನೋಡ್ದೆ. ಟಾರ್ಚು ಅಂಗಿ ಜೇಬಲ್ಲಿ ಹಾಕ್ಕೊಂಡೆ ಅನ್ಕೊಂಡೆ. ಜೇಬಿಗೆ ಹೋಗಿರ್ಲಿಲ್ಲ."

"ಬಿದ್ದಾಗ ಸದ್ದು ಆಗಿರುತ್ತೆ."

"ಆಗಿರುತ್ತೆ," ಎಂದ ಮರ್ವ್.

"ಎಷ್ಟು ವರ್ಷದಿಂದ ಕೇಳಿಸ್ತಿಲ್ಲ?"

"ಸ್ವಲ್ಪ ಸ್ವಲ್ಪ ಹೋಗ್ತಾ ಬಂತು. ಪೂರ್ತಿ ಹೋಗಿ ಎರಡು ವರ್ಷ. ಎದುರಿಗೆ ನಿಂತು ಮಾತಾಡಿದ್ರೆ ತಿಳಿಯುತ್ತೆ. ಬಾಲ ಕುಲುಕಿದ್ಮೇಲೆ ಕಣ್ಣು ತೆರೆದು ಸುತ್ತ ಇರೋರ ಮುಖ ನೋಡ್ತಿದ್ದೆ. ಯಾರಾದ್ರೂ ಹುಬ್ಬು ಗಂಟಿಕ್ಕಿದ್ರೆ ಸದ್ದಿದೆ ಅಂತ."

"ಶನಿವಾರ ಸುತ್ತ ಯಾರೂ ಇರ್ಲಿಲ್ಲ."

"ಇರ್ಲಿಲ್ಲ."

"ವಿಮಾನ ಬಿದ್ದ ಮೇಲೆ?"

"ಅವನು ಉಳಿದಿಲ್ಲ ಅಂತ ನೋಡಿದ ತಕ್ಷಣ ತಿಳೀತು. ಯಾಕೆ ಗಿರಕಿ ನಿಲ್ಲಲಿಲ್ಲ ಅಂತ ಬಾಲ ನೋಡ್ದೆ. ಹರಿದ ಕಡೆಯಿಂದ ನೀಲಿ ಕಾಣಿಸ್ತು. ನಂದು ಅಂತ ಗೊತ್ತಾಯ್ತು. ಕೊಯ್ದು ತಗೊಂಡೆ. ಆಮೇಲೆ ನಿಮಗೆ ಫೋನ್ ಮಾಡ್ದೆ. ನೀವೇನಂದ್ರೋ ಕೇಳಿಸ್ಲಿಲ್ಲ, ಜಾಗ ಹೇಳಿ ಇಟ್ಟುಬಿಟ್ಟೆ."

"ಭಾನುವಾರ ಕರಿನ್ ನಿಮ್ಮ ಮನೆಗೆ ಬಂದ್ಲು. ಸಾಕೆಟ್ ಕಳೆದಿದೆ, ನಾನೇ ಅಪ್ಪನ್ನ ಕೊಂದೆ ಅಂತ ಅತ್ಲು. ನೀವೇನಂದ್ರಿ?"

ಮರ್ವ್ ಮೇಜು ನೋಡುತ್ತ ಕೂತ. ಮೋರಾಗ್ ಮೇಜು ತಟ್ಟಿ, ಅವನು ತಲೆ ಎತ್ತಿದ ಮೇಲೆ ಮತ್ತೆ ಕೇಳಿದಳು.

"ತಲೆ ನೇವರಿಸ್ದೆ," ಎಂದ. "ಯಾರಿಗಾದ್ರೂ ಆಗುತ್ತೆ ಮಗಳೇ ಅಂದೆ."

"ಥೂ," ಎಂದ ನೋಸ್ಕೆ. ಬರೆಯುತ್ತಿದ್ದ ಪೆನ್ನನ್ನು ಮೇಜಿನ ಮೇಲೆ ಬಿಸಾಡಿ ಎದ್ದು ಕಿಟಕಿಯ ಹತ್ತಿರ ಹೋದ. ಮೋರಾಗ್ ಅವನನ್ನು ಗದರಿಸಲಿಲ್ಲ.

"ಯಾಕೆ ಮರ್ವ್? ನೀವು ಎತ್ತಿ ಆಡಿಸಿದ ಹುಡುಗಿ."

"ಕಿವಿ ಇಲ್ಲ ಅಂದ್ರೆ ಲೈಸೆನ್ಸ್ ಹೋಗುತ್ತೆ. ಅದು ಹೋಗ್ಲಿ, ಹೆಂಗೂ ಹಾರ್ತಿರ್ಲಿಲ್ಲ. ಆದ್ರೆ ಆ ಮೈದಾನಕ್ಕೆ ಹೋದ್ರೆ ಎಲ್ರೂ ಕಿವಿ ಬಂದ, ಕಿವಿ ಬಂದ ಅಂತಾರೆ. ನಾನು ಬಗ್ಗಿದ್ರೆ ಬಾಯಿ ಮುಚ್ಕೋತಾರೆ. ಗೊತ್ತಾಗಿದ್ರೆ ಪಾಪ ಅಂತ ಒಂದು ಕುರ್ಚಿ ಹಾಕಿ ಮೂಲೇಲಿ ಕೂರಿಸೋರು. ಮೊದಲು ಅದಕ್ಕೆ ಹೆದರಿದ್ದೆ. ಆಮೇಲೆ ಎರ್ನ್ ಸತ್ತ. ಆಮೇಲೆ ಬಾಯಿ ಬರಲಿಲ್ಲ."

ಆರು ಗಂಟೆಗೆ ಹೇಳಿಕೆಗೆ ಸಹಿ ಹಾಕಿದ.

ಕರಿನ್‌ಗೆ ತಿಳಿಸುವ ಕೆಲಸವನ್ನು ಮೋರಾಗ್ ಬೇರೆಯವರಿಗೆ ಬಿಡಲಿಲ್ಲ. ಮಗುವಿಗೆ ಊಟ ಮಾಡಿಸುತ್ತಿದ್ದ ಕರಿನ್ ಚಮಚ ಹಿಡಿದೇ ಎಲ್ಲವನ್ನೂ ಕೇಳಿಸಿಕೊಂಡಳು.

"ಹಾಗಾದ್ರೆ ನಾನಲ್ಲ."

"ನೀನಲ್ಲ."

"ನಾನಲ್ಲ," ಎಂದು ಮಗುವಿನ ಮುಖ ನೋಡಿ ಇನ್ನೊಮ್ಮೆ ಹೇಳಿದಳು. ಬಟಾಣಿ ಪಲ್ಯ ಮೆತ್ತಿದ್ದ ಬಾಯನ್ನು ಒರೆಸಿದಳು. ಆಮೇಲೆ ಅವಳ ಕೈ ನಿಂತಿತು. ಮೋರಾಗ್ ಅಳು ಬರುತ್ತದೆಂದು ಕಾದಳು. ಬಂದದ್ದು ಬೇರೆ.

"ಅಪ್ಪಂಗೆ ಗೊತ್ತಿತ್ತು," ಎಂದಳು ಕರಿನ್.

"ಏನು?"

"ಎರಡು ವರ್ಷದಿಂದ ಅಪ್ಪ ಮೈದಾನದಲ್ಲಿರೋ ನಮ್ಮ ಶೆಡ್ಡಿನ ಬಾಗಿಲು ಹಾಕ್ಕೊಂಡು ಒಬ್ಬರೇ ಬಾಲ ಎತ್ತಿ ಕುಲುಕಿ ಕೇಳ್ತಿದ್ರು. ಆಮೇಲೆ ಹೊರಗೆ ತಂದು ಮರ್ವ್ ಮಾಮನ ಹತ್ರ ಮಾಡಿಸ್ತಿದ್ರು. ಎರಡೆರಡು ಸಲ ಯಾಕಪ್ಪಾ ಅಂದ್ರೆ, ಮೊದಲ್ನೇದು ವಿಮಾನಕ್ಕೆ, ಎರಡ್ನೇದು ಮರ್ವ್‌ಗೆ ಅನ್ನೋರು. ತಮಾಷೆ ಅನ್ಕೊಂಡಿದ್ದೆ." ಅವಳ ದನಿ ಸಣ್ಣದಾಯಿತು. "ಶನಿವಾರ ನಾನು ಬಿಟ್ಟಾಗ ತಡ ಆಗಿತ್ತು. ಗಾಳಿ ಏಳೋದ್ರೊಳಗೆ ಇಳೀಬೇಕು ಅಂತ ಅವಸರ. ನೇರ ಹೊರಗೆ ತಳ್ಳಿಬಿಟ್ರು. ನಾನೂ ಒಂದು ಕೈ ಹಾಕಿದ್ದೆ."

ಕರಿನ್ ಸಾಕೆನ್ನುವಂತೆ ತಟ್ಟೆ ಸರಿಸಿದಳು.

"ಅವರಿಗೆ ಹೇಳಿ ಇದನ್ನ."

"ಹೇಳಲೇಬೇಕು ಅಂತೇನಿಲ್ಲ ಕರಿನ್."

"ಹೇಳಿ. ಗೊತ್ತಾಗ್ಲಿ."

ಅದು ಸಿಟ್ಟೋ ಕರುಣೆಯೋ ದಾರಿಯುದ್ದಕ್ಕೂ ಯೋಚಿಸಿದರೂ ಮೋರಾಗ್‌ಗೆ ಬಗೆಹರಿಯಲಿಲ್ಲ.

ಠಾಣೆಯ ಹಿಂದಿನ ಕೋಣೆಯಲ್ಲಿ ಮರ್ವ್ ಮುಂದೆ ನೋಸ್ಕೆ ತಂದಿಟ್ಟ ಮಾಂಸದ ಪೈ ಹಾಗೇ ತಣ್ಣಗಾಗಿತ್ತು. ಮೋರಾಗ್ ದೀಪದ ಕೆಳಗೆ ಕುರ್ಚಿ ಎಳೆದುಕೊಂಡು, ಮುಖದ ಮೇಲೆ ಬೆಳಕು ಬೀಳುವಂತೆ ಕೂತು, ಕರಿನ್ ಹೇಳಿದ್ದನ್ನು ನಿಧಾನವಾಗಿ ಹೇಳಿದಳು.

"ಇನ್ನೊಂದ್ಸಲ," ಎಂದ.

ಅವಳು ಇನ್ನೊಮ್ಮೆ ಹೇಳಿದಳು.

ಗಲ್ಲದ ಮೇಲಿನ ಬಿಳಿ ಕೂದಲು ಒದ್ದೆಯಾಗುತ್ತಿದ್ದುದು ಅವನಿಗೆ ಗೊತ್ತಾದಂತಿರಲಿಲ್ಲ.

"ಒಂದು ಮಾತು ಕೇಳ್ಬಹುದಿತ್ತಲ್ಲ ಅವನು," ಎಂದ. "ಮರ್ವ್, ಕೇಳಿಸಲ್ವಾ ನಿಂಗೆ ಅಂತ. ಕೇಳಿದ್ರೆ ಹೇಳ್ಬಿಡ್ತಿದ್ದೆ."

"ಹೇಳ್ತಿದ್ರಾ?"

ಅವನು ಅವಳ ತುಟಿಯಿಂದ ಕಣ್ಣೆತ್ತಿದ. ಅಷ್ಟು ದಿನದಲ್ಲಿ ಮೊದಲ ಸಲ ಅವಳ ಕಣ್ಣನ್ನೇ ನೋಡಿದ.

"ಇಲ್ಲ," ಎಂದ.